ಜಾಗತೀಕರಣ ಬಂದ ಮೇಲೂ ವಾಸ್ತವವಾದ ಓದಬೇಕಾ?

ದೇಶದೇಶಗಳ ನಡುವೆ ವ್ಯಾಪಾರ ಇಷ್ಟು ಬೆಳೆದಿರುವಾಗ, ದೇಶಗಳ ಸಂಬಂಧವನ್ನು ಸೇನಾಬಲದ ಲೆಕ್ಕದಲ್ಲಿ ನೋಡುವ ವಾಸ್ತವವಾದ ಅನ್ನುವ ಸಿದ್ಧಾಂತವನ್ನು ಯಾಕೆ ಓದಬೇಕು ಅಂತ ಕೇಳಿದ್ದೀರಿ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡುವಾಗ ನನಗೂ ಇದೇ ಅನುಮಾನ ಇತ್ತು. ಖಂಡಿತ ಓದಿ. ಆದರೆ ಬಲ ಅಂದರೆ ಏನು ಅನ್ನುವ ಲೆಕ್ಕವನ್ನೇ ಜಾಗತೀಕರಣ ಬದಲಿಸಿದೆ.

1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಷ್ಟು ದೊಡ್ಡ ಸೇನೆ ಇಟ್ಟುಕೊಂಡ ದೇಶದ ಜನ ಪೆಟ್ರೋಲ್ ಬಂಕ್ ಮುಂದೆ ಕ್ಯೂ ನಿಂತರು. ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ರಾಬರ್ಟ್ ಕೊಹೇನ್ ಮತ್ತು ಜೋಸೆಫ್ ನೈ 1977ರಲ್ಲಿ ಪರಸ್ಪರ ಅವಲಂಬನೆಯ ಸಿದ್ಧಾಂತ ಮುಂದಿಟ್ಟಿದ್ದು ಈ ಹಿನ್ನೆಲೆಯಲ್ಲಿ. ಅದರಲ್ಲಿ ಎರಡು ಮಾತು ಮುಖ್ಯ. ಹೊರಗಿನ ಪೆಟ್ಟು ಎಷ್ಟು ಬೇಗ, ಎಷ್ಟು ಜೋರಾಗಿ ತಟ್ಟುತ್ತದೆ ಅನ್ನುವುದು ಒಂದು. ನಮ್ಮ ದಾರಿ ಬದಲಿಸಿಕೊಂಡ ಮೇಲೂ ನೋವು ಉಳಿಯುತ್ತದಾ ಅನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ನಾನು ತುಂಬಾ ದಿನ ಹಾಗೇ ಅಂದುಕೊಂಡಿದ್ದೆ.

ಜರ್ಮನಿಯನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಉಕ್ರೇನ್ ಯುದ್ಧಕ್ಕೆ ಮುಂಚೆ ಅದು ಹೊರಗಿನಿಂದ ತರಿಸುತ್ತಿದ್ದ ಗ್ಯಾಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. 2022ರಲ್ಲಿ ರಷ್ಯಾ ಪೂರೈಕೆ ತಗ್ಗಿಸಿತು. ಆಗಸ್ಟ್ ಹೊತ್ತಿಗೆ ಯುರೋಪಿನಲ್ಲಿ ಗ್ಯಾಸ್ ದರ ಹಿಂದೆಂದೂ ಇಲ್ಲದಷ್ಟು ಏರಿತು. ಇದು ಮೊದಲನೆಯದು, ಪೆಟ್ಟು ತಟ್ಟಿದ್ದು. ಡಿಸೆಂಬರ್‌ನಲ್ಲಿ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ಹಡಗಿನಿಂದ ದ್ರವ ಗ್ಯಾಸ್ ಇಳಿಸಿಕೊಳ್ಳುವ ಟರ್ಮಿನಲ್ ಶುರುವಾಯಿತು. ನಾರ್ವೆಯ ಗ್ಯಾಸ್ ಹೆಚ್ಚು ಬಂತು. ಕಾರ್ಖಾನೆಗಳಿಗೆ ಬಹಳ ಹೊಡೆತ ಬಿತ್ತು, ಆದರೂ ಚಳಿಗಾಲ ದಾಟಿತು. ಎರಡನೆಯ ಲೆಕ್ಕದಲ್ಲಿ ರಷ್ಯಾ ಅಂದುಕೊಂಡಷ್ಟು ಜರ್ಮನಿ ಸಿಕ್ಕಿಬೀಳಲಿಲ್ಲ.

ಕೆನೆತ್ ವಾಲ್ಟ್ಸ್ ಥರದ ವಾಸ್ತವವಾದಿಗಳು ದೊಡ್ಡ ದೇಶಗಳ ಅವಲಂಬನೆಯನ್ನು ಸುಮ್ನೆ ಹೆಚ್ಚು ಮಾಡಿ ಹೇಳಲಾಗುತ್ತಿದೆ ಅಂತಿದ್ದರು. ಉದಾರವಾದಿಗಳಿಗೆ ವ್ಯಾಪಾರದ ನಂಟು ಜಗಳ ತಗ್ಗಿಸುತ್ತದೆ ಅನ್ನುವ ನಂಬಿಕೆ. ಆದರೆ ಆ ನಂಟಿನ ಎಳೆಗಳೆಲ್ಲ ಕೆಲವೇ ಗಂಟುಗಳ ಮೂಲಕ ಹಾದುಹೋಗುತ್ತವೆ, ಅಲ್ವಾ? ಬ್ಯಾಂಕುಗಳು ಹಣದ ಸಂದೇಶ ಕಳಿಸುವ ಸ್ವಿಫ್ಟ್ ಜಾಲ ಅಂಥದ್ದೊಂದು ಗಂಟು. ಅದರ ಕಚೇರಿ ಇರುವುದು ಬೆಲ್ಜಿಯಂನಲ್ಲಿ. 2012ರಲ್ಲಿ ಇರಾನ್‌ನ ಹಲವು ಬ್ಯಾಂಕುಗಳನ್ನು, 2022ರಲ್ಲಿ ರಷ್ಯಾದ ಕೆಲವನ್ನು ಅದರಿಂದ ಹೊರಗೆ ಹಾಕಿದರು. ಹೆನ್ರಿ ಫ್ಯಾರೆಲ್ ಮತ್ತು ಅಬ್ರಹಾಂ ನ್ಯೂಮನ್ 2019ರಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು: ಗಂಟು ಯಾರ ಕೈಯಲ್ಲಿದೆಯೋ ಅವರು ಅವಲಂಬನೆಯನ್ನೇ ಆಯುಧ ಮಾಡಿಕೊಳ್ಳಬಹುದು. ಈಚಿನ ವರ್ಷಗಳಲ್ಲಿ ನಾನು ಓದಿದ್ದರಲ್ಲಿ ಇದಷ್ಟು ಕಣ್ಣು ತೆರೆಸಿದ್ದು ಬೇರೆ ಇಲ್ಲ.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳ ರಫ್ತಿಗೆ ನಿಯಂತ್ರಣ ಹೇರಿತು. ಮೋಟಾರಿಗೆ ಬೇಕಾದ ಮ್ಯಾಗ್ನೆಟ್ ಸಿಗದೆ ನಮ್ಮ ದೇಶದ ವಾಹನ ಕಂಪನಿಗಳೂ ಪರದಾಡಿದವು. ಇದನ್ನು ಕೊಹೇನ್–ನೈ ಹೇಳಿದ ಎರಡು ಅಳತೆಗೂ ಹಚ್ಚಿ, ಭಾರತಕ್ಕೆ ಪೆಟ್ಟು ತಟ್ಟಿದ್ದೆಷ್ಟು, ದಾರಿ ಬದಲಿಸಿಕೊಳ್ಳಲು ಎಷ್ಟು ವರ್ಷ ಬೇಕು ಅಂತ ಬರೆದು ನೋಡಿ. ಇಲ್ಲೇ ಹಾಕಿದರೆ ನಾನೂ ಓದುತ್ತೇನೆ.