ಸೆಲ್ಫ್ ‘ಟಕ್’ ಅನ್ನುತ್ತೆ, ಲಾರಿ ಸ್ಟಾರ್ಟ್ ಆಗಲ್ಲ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸಾರ್. ನಂದು ಆರು ಚಕ್ರದ ಹಳೇ ಲಾರಿ, ಮೆಕ್ಯಾನಿಕಲ್ ಪಂಪಿಂದು. ಚಳ್ಳಕೆರೆ ಕಡೆಯಿಂದ ಈರುಳ್ಳಿ ಲೋಡ್ ಮಾಡ್ಕೊಂಡು ಯಶವಂತಪುರಕ್ಕೆ ಬರ್ತೀನಿ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ದಾರೀಲಿ ಊಟಕ್ಕೆ ನಿಲ್ಸಿ ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದ್ರೆ ‘ಟಕ್’ ಅನ್ನುತ್ತೆ ಅಷ್ಟೇ. ಹೆಡ್‌ಲೈಟ್ ಜೋರಾಗೇ ಉರಿಯುತ್ತೆ. ಬ್ಯಾಟರಿ ವೀಕ್ ಅಂತ ಒಂದು ಹೊಸದು ಹಾಕಿಸ್ದೆ, ಆದ್ರೂ ಅದೇ ಕಥೆ. ಈಗ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟರೇ ಬದಲಾಯಿಸ್ಬೇಕು ಅಂತಿದ್ದಾರೆ. ಏನ್ ಮಾಡ್ಲಿ?

ಉತ್ತರ: ಅಣ್ಣ, ಸೆಲ್ಫಿಗೆ ದುಡ್ಡು ಕೊಡೋಕೆ ಮುಂಚೆ ಒಂದು ಮಲ್ಟಿಮೀಟರ್ ಹಿಡ್ಕೊಂಡು ಹತ್ತು ನಿಮಿಷ ಕೆಲಸ ಮಾಡಿ. ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ. ಕೀ ತಿರುಗಿಸಿದಾಗ ಹೆಡ್‌ಲೈಟ್ ಪೂರ್ತಿ ಮಂಕಾದ್ರೆ ಬ್ಯಾಟರಿ ಸೋತಿದೆ, ಇಲ್ಲಾ ಟರ್ಮಿನಲ್ ಲೂಸ್, ಇಲ್ಲಾ ಸೆಲ್ಫ್ ಒಳಗೇ ಜಾಮ್ ಆಗಿದೆ. ಲೈಟ್ ಹಾಗೇ ಜೋರಾಗಿ ಉರೀತಾ ಬರೀ ‘ಟಕ್’ ಅಂದ್ರೆ ಬ್ಯಾಟರೀಲಿ ಕರೆಂಟ್ ಇದೆ ಆದ್ರೆ ಅದು ಸೆಲ್ಫ್ ತನಕ ಹೋಗಿ ವಾಪಸ್ ಬರ್ತಿಲ್ಲ ಅಂತ ಅರ್ಥ. ‘ವಾಪಸ್’ ಅಂದೆ ನೋಡಿ, ಎಲ್ರೂ ಮರೆಯೋದು ಅದನ್ನೇ. ಪ್ಲಸ್ ಕೇಬಲ್ ನೋಡ್ತಾರೆ, ಅರ್ತ್, ಅಂದ್ರೆ ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಬರೋ ದಾರಿ, ಯಾರೂ ನೋಡಲ್ಲ.

ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಲ್ಲಿ ಕರೆಂಟ್ ಹೋಗಲ್ಲ, ಅದಕ್ಕೇ ಇಂಜಿನ್‌ನಿಂದ ಚಾಸಿಗೆ (ಗಾಡಿಯ ಕೆಳಗಿನ ಕಬ್ಬಿಣದ ಫ್ರೇಮಿಗೆ) ಜಡೆ ಥರ ಹೆಣೆದಿರೋ ತಾಮ್ರದ ಪಟ್ಟಿ ಒಂದು ಕೊಟ್ಟಿರ್ತಾರೆ. ಹೆಡ್‌ಲೈಟಿನ ಅರ್ತ್ ಬೇರೆ ಕಡೆ ಚಾಸಿಗೆ ಇರೋದ್ರಿಂದ ಈ ಪಟ್ಟಿ ಹಾಳಾದ್ರೂ ಲೈಟ್ ಚೆನ್ನಾಗೇ ಉರಿಯುತ್ತೆ, ಸೆಲ್ಫ್ ಮಾತ್ರ ಸಾಯುತ್ತೆ. ಮೇಲಿಂದ ನೋಡಿದ್ರೆ ಪಟ್ಟಿ ಸರಿಯಾಗೇ ಕಾಣುತ್ತೆ, ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, ಒಳಗಿಂದ ಹಸಿರು ಪುಡಿ ಉದುರಿ ಎಳೆಗಳು ಪಟಪಟ ಮುರಿದ್ರೆ ಅದರ ಕಥೆ ಮುಗೀತು. ಇನ್ನೊಂದು ಗುರುತು, ಸೆಲ್ಫ್ ಹೊಡೆದ ತಕ್ಷಣ ಆಕ್ಸಿಲರೇಟರ್ ಕೇಬಲ್ ಮುಟ್ಟಿದ್ರೆ ಬಿಸಿ ಆಗಿರುತ್ತೆ. ದೊಡ್ಡ ದಾರಿ ಮುಚ್ಚಿದೆ ಅಂತ ಕರೆಂಟ್ ಆ ಸಣ್ಣ ಕೇಬಲ್ ಹಿಡ್ಕೊಂಡು ವಾಪಸ್ ಬರೋಕೆ ನೋಡ್ತಿರುತ್ತೆ. ಇದನ್ನ ಕಂಡ್ರೆ ದಯವಿಟ್ಟು ಇನ್ನೊಂದು ಸಲ ಸೆಲ್ಫ್ ಹೊಡೀಬೇಡಿ, ಕೇಬಲ್ ಸುಟ್ಟು ಬೆಂಕಿ ಹತ್ತೋ ಚಾನ್ಸ್ ಇದೆ.

ಬೆಳಗ್ಗೆ ಸರಿ ಇದ್ದು ಬಿಸಿ ಆದ್ಮೇಲೆ ಯಾಕೆ ಹೀಗೆ ಅಂದ್ರೆ ತಾಮ್ರ ಬಿಸಿ ಆದಷ್ಟೂ ಅದರ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತೆ, 60 ಡಿಗ್ರಿ ಏರಿದ್ರೆ ಸುಮಾರು ಕಾಲು ಭಾಗ ಜಾಸ್ತಿ. ಮೊದಲೇ ಗಡಿಯಲ್ಲಿರೋ ಕನೆಕ್ಷನ್ ಅಷ್ಟಕ್ಕೇ ಕೈ ಕೊಡುತ್ತೆ.

ಈಗ ಮೀಟರ್. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು, ಇದಿಷ್ಟು ಆಗದೆ ಶುರು ಮಾಡ್ಬೇಡಿ, ಮೀಟರ್ ಹಿಡಿಯೋರು ಬೆಲ್ಟ್ ಫ್ಯಾನಿಂದ ದೂರ ನಿಲ್ಲಿ. ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿ ಮೈನಸ್ ಪೋಸ್ಟಿಗೆ (ಕ್ಲಾಂಪಿಗಲ್ಲ, ಸೀಸದ ಪೋಸ್ಟಿಗೇ), ಇನ್ನೊಂದು ಇಂಜಿನ್ ಬ್ಲಾಕಲ್ಲಿ ಪೇಂಟ್ ಇಲ್ಲದ ಜಾಗಕ್ಕೆ ಒತ್ತಿ ಹಿಡೀರಿ, ಕ್ಲೀನರ್ ಹುಡುಗ ಮೂರು ಸೆಕೆಂಡ್ ಕೀ ತಿರುಗಿಸಲಿ. ಅರ್ಧ ವೋಲ್ಟ್ ಒಳಗಿದ್ರೆ ಅರ್ತ್ ಸರಿ. ಎರಡು ಮೂರು ವೋಲ್ಟ್ ಇಲ್ಲಾ ಅದಕ್ಕಿಂತ ಜಾಸ್ತಿ ತೋರಿಸಿದ್ರೆ ಕಳ್ಳ ಸಿಕ್ದ. ಇದೇ ಥರ ಪ್ಲಸ್ ಪೋಸ್ಟಿಗೂ ಸೆಲ್ಫ್ ಮೇಲಿನ ದಪ್ಪ ಬೋಲ್ಟಿಗೂ ಇಟ್ಟು ನೋಡಿ. ಎರಡೂ ಕಡೆ ಸೊನ್ನೆ ಹತ್ತಿರ ಇದ್ದು, ಬ್ಯಾಟರೀಲಿ ವೋಲ್ಟ್ ಇಳಿಯದೇ ಇದ್ದು, ಆದ್ರೂ ‘ಟಕ್’ ಅಂದು ತಿರುಗದೇ ಇದ್ರೆ ಆಗ ಮಾತ್ರ ಸೆಲ್ಫ್ ಬಿಚ್ಚಿ. ಅವಾಗ್ಲೂ ಪೂರ್ತಿ ಬದಲಾಯಿಸ್ಬೇಡಿ, ಸಾಲಿನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡೋ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರುತ್ತೆ, ಇಲ್ಲಾ ಕಾರ್ಬನ್ ಬ್ರಷ್ ಸವೆದಿರುತ್ತೆ. ಸ್ಪ್ಯಾನರಲ್ಲಿ ಮೆಲ್ಲಗೆ ತಟ್ಟಿದ್ರೆ ಸೆಲ್ಫ್ ಎದ್ದೇಳುತ್ತೆ ಅಂದ್ರೆ ಬಹುಪಾಲು ಬ್ರಷ್ಷೇ. ಇವೆರಡೂ ಬಿಡಿಯಾಗಿ ಸಿಗುತ್ತೆ.

ಅರ್ತ್ ಪಟ್ಟಿ ಹಾಕೋವಾಗ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಎರಡೂ ತುದಿಯ ಜಾಗ ವೈರ್ ಬ್ರಷ್ಷಲ್ಲಿ ಉಜ್ಜಿ ಬಿಳಿ ಕಬ್ಬಿಣ ಕಾಣಬೇಕು, ಬಿಗಿ ಮಾಡಿದ ಮೇಲೆ ಗ್ರೀಸ್ ಹಚ್ಚಿ, ಮುಂಚೆ ಅಲ್ಲ.

ಬ್ಯಾಟರಿ ವಿಷಯಕ್ಕೆ ಬರ್ತೀನಿ, ಒಂದು ಮಾತ್ರ ಹೊಸದು ಹಾಕಿಸಿದ್ದು ನನಗೆ ಇಷ್ಟ ಆಗ್ಲಿಲ್ಲ. 24 ವೋಲ್ಟ್ ಗಾಡೀಲಿ ಎರಡು 12 ವೋಲ್ಟ್ ಬ್ಯಾಟರಿ ಸೀರೀಸಲ್ಲಿ, ಅಂದ್ರೆ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ಸೇರಿಸಿ, ಇರುತ್ತೆ, ಹಳೇದು ಹೊಸದು ಜೋಡಿ ಮಾಡಿದ್ರೆ ಹಳೇದು ಓವರ್‌ಚಾರ್ಜ್ ಆಗಿ ನೀರು ಕುದಿಯುತ್ತೆ, ಹೊಸದಕ್ಕೆ ಪೂರ್ತಿ ಚಾರ್ಜ್ ಸಿಗಲ್ಲ. ಗಾಡಿ ರಾತ್ರಿಯೆಲ್ಲಾ ನಿಂತಿದ್ದ ಮೇಲೆ ಎರಡನ್ನೂ ಬೇರೆ ಬೇರೆ ಅಳೀರಿ. 12.6 ಇದ್ರೆ ಫುಲ್, 12.2 ಅಂದ್ರೆ ಅರ್ಧ. ಎರಡರ ಮಧ್ಯೆ 0.3 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಒಂದು ಪ್ರಶ್ನೆ ಕೇಳ್ತೀನಿ, ಕ್ಯಾಬಿನ್ನಲ್ಲಿರೋ ಟೇಪು, ಮೊಬೈಲ್ ಚಾರ್ಜರಿಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ವೈರ್ ಎಳೆದಿದ್ದಾರಾ? ನಮ್ಮ ಲಾರಿಗಳಲ್ಲಿ ಇದು ತುಂಬಾ ಕಾಮನ್, ಒಂದು ಬ್ಯಾಟರಿ ದಿನಾ ಖಾಲಿ ಆಗ್ತಾ ಇರುತ್ತೆ. 24ರಿಂದ 12ಕ್ಕೆ ಇಳಿಸೋ ಕನ್ವರ್ಟರ್ ಹಾಕಿಸಿ. ಇಂಜಿನ್ ಓಡ್ತಿರುವಾಗ ಎರಡೂ ಸೇರಿ 28 ವೋಲ್ಟ್ ಆಸುಪಾಸು ಬರಬೇಕು, ಬರದಿದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ನೋಡಿಸಿ.

ಸ್ಕ್ರೂಡ್ರೈವರಲ್ಲಿ ಸೆಲ್ಫ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಗಾಡಿ ಗೇರಲ್ಲಿದ್ರೆ ಅಲ್ಲೇ ಕೆಳಗೆ ಕೂತಿರೋರ ಮೇಲೇ ಚಲಿಸುತ್ತೆ.

ಪ್ರಶ್ನೆ: ಟಿಪ್ಪರ್ ಸಾರ್, ಸೆಲ್ಫ್ ಚೆನ್ನಾಗಿ ಹೊಡೆಯುತ್ತೆ ಆದ್ರೆ ಇಂಜಿನ್ ಹಿಡಿಯಲ್ಲ. ನಿನ್ನೆ ಡೀಸೆಲ್ ಫಿಲ್ಟರ್ ಬದಲಾಯಿಸಿದ್ವಿ.

ಉತ್ತರ: ಫಿಲ್ಟರ್ ಬದಲಾಯಿಸಿದ ಮರುದಿನ ಅಂದ್ರೆ ಡೀಸೆಲ್ ಲೈನಲ್ಲಿ ಏರ್ (ಗಾಳಿ) ಹಿಡಿದಿರೋದೇ ಜಾಸ್ತಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡೋಕೆ ಒಬ್ಬರನ್ನ ನಿಲ್ಸಿ. ಬಿಳಿ ಹೊಗೆ ಬಂದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಉರೀತಿಲ್ಲ. ಹೊಗೆನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಿಲ್ಲ, ಮೊದಲು ಇಂಜಿನ್ ಆಫ್ ಮಾಡೋಕೆ ಡೀಸೆಲ್ ನಿಲ್ಸೋ ಸ್ಟಾಪ್ ಕೇಬಲ್ ಇಲ್ಲಾ ಸ್ಟಾಪ್ ಸಾಲಿನಾಯ್ಡ್ ಸಿಕ್ಕಾಕ್ಕೊಂಡಿದ್ಯಾ ನೋಡಿ, ಆಮೇಲೆ ಏರ್ ತೆಗೀರಿ.

ಹಳೇ ಮೆಕ್ಯಾನಿಕಲ್ ಪಂಪಾದ್ರೆ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪಂಪ್ ಹೊಡೀತಾ ಇರಿ, ನೊರೆ ನಿಂತು ಡೀಸೆಲ್ ಒಂದೇ ಸಮ ಬರೋ ಹೊತ್ತಿಗೆ ಪಂಪ್ ಹೊಡೀತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಮತ್ತೆ ಮತ್ತೆ ಏರ್ ಹಿಡೀತಿದ್ರೆ ಟ್ಯಾಂಕಿಂದ ಬರೋ ಲೈನಲ್ಲಿ ಎಲ್ಲೋ ಗಾಳಿ ಎಳೀತಿದೆ. ಅಲ್ಲಿ ಡೀಸೆಲ್ ಸೋರೋದು ಕಾಣಲ್ಲ, ಯಾಕಂದ್ರೆ ಅದು ಎಳೆಯೋ ಕಡೆ. ಹಳೇ ತಾಮ್ರದ ವಾಷರನ್ನೇ ವಾಪಸ್ ಹಾಕಿದ್ರೆ ಹೀಗಾಗುತ್ತೆ. ಖಚಿತ ಮಾಡ್ಕೊಳ್ಳೋಕೆ ಕ್ಲೀನ್ ಡೀಸೆಲ್ ಇರೋ ಕ್ಯಾನಿಗೆ ಬೇರೆ ಪೈಪ್ ಇಳಿಸಿ ಅದರಿಂದ ಓಡಿಸಿ ನೋಡಿ, ಗಾಡಿ ಓಡಿದ್ರೆ ತೊಂದರೆ ಟ್ಯಾಂಕ್, ಜಾಲರಿ ಇಲ್ಲಾ ಲೈನಲ್ಲಿದೆ.

ನಿಮ್ಮದು ಕಾಮನ್ ರೈಲ್ ಗಾಡಿಯಾದ್ರೆ (ಎಲ್ಲಾ ನೋಝಲ್‌ಗೂ ಒಂದೇ ಪೈಪಿಂದ ಭಾರೀ ಪ್ರೆಶರಲ್ಲಿ ಡೀಸೆಲ್ ಕೊಡೋದು), ಅಂದ್ರೆ 2020ರ ಏಪ್ರಿಲ್ ಆದ್ಮೇಲೆ ಬಂದ ಬಿಎಸ್6 ಗಾಡಿಗಳ ಥರದ್ದು, ನೋಝಲ್ ಪೈಪಿನ ನಟ್ ಸಡಿಲ ಮಾಡೋ ಹಳೇ ಕೆಲಸ ಯಾವ ಕಾರಣಕ್ಕೂ ಮಾಡ್ಬೇಡಿ. ಅಲ್ಲಿರೋ ಪ್ರೆಶರ್ ಸಾವಿರ ಬಾರ್ ದಾಟುತ್ತೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡ್ರೂ ತಕ್ಷಣ ಆಸ್ಪತ್ರೆಗೆ ಓಡ್ಬೇಕು. ಫಿಲ್ಟರ್ ಹತ್ತಿರದ ಹ್ಯಾಂಡ್ ಪಂಪ್ ಗಟ್ಟಿ ಆಗೋ ತನಕ ಒತ್ತಿ, ಒಂದೊಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂಗೆ ಸೆಲ್ಫ್ ಹೊಡೀರಿ, ಮಧ್ಯೆ ಒಂದೆರಡು ನಿಮಿಷ ಬಿಡಿ. ಆಗ್ಲೂ ಹಿಡೀಲಿಲ್ಲ ಅಂದ್ರೆ ಸ್ಕ್ಯಾನರ್ ಇರೋರನ್ನ ಕರೆಸಿ, ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗೋದನ್ನ ಗುರುತಿಸೋದು) ಮತ್ತು ರೈಲ್ ಪ್ರೆಶರ್ ಎರಡನ್ನೂ ಸೆಲ್ಫ್ ಹೊಡೀತಿರುವಾಗಲೇ ನೋಡೋಕೆ ಹೇಳಿ.