ಬೀಟಲ್ಸ್, ಟಾಮ್ ವೇಟ್ಸ್, 'ಎಕೋ ಬೀಚ್': ಇವನ್ನೆಲ್ಲ ಜೋಡಿಸುವ ಹೆಸರು ಯಾವುದು? (ಬೆಳಗಾವಿಯ ಕಾಲೇಜ್ ಕ್ವಿಜ್‌ನಲ್ಲಿ ಕೇಳಿದ್ದರು)

ಮಾರ್ಥಾ. ಬೆಳಗಾವಿಯ ಕ್ಯಾಂಪ್ ಕಡೆ ಕ್ರಿಶ್ಚಿಯನ್ ಗೆಳೆಯರಿದ್ದರೆ ಅವರನ್ನು ಕೇಳಿ, ಈ ಹೆಸರಿನ ಕಥೆ ಹೇಳುತ್ತಾರೆ. ಬೈಬಲ್‌ನ ಲೂಕನ ಸುವಾರ್ತೆಯಲ್ಲಿ ಯೇಸು ಮನೆಗೆ ಬಂದಾಗ ಕೆಲಸವೆಲ್ಲ ಇವಳ ಮೇಲೆ. ತಂಗಿ ಮರಿಯ ಸುಮ್ನೆ ಕೂತು ಮಾತು ಕೇಳುತ್ತಾಳೆ. ಮಾರ್ಥಾಳಿಗೆ ಸಿಟ್ಟು ಬಂದದ್ದು ನ್ಯಾಯವೇ ಅಲ್ವಾ?

ಬ್ರಿಟಿಷ್ ಬ್ಯಾಂಡ್ ಬೀಟಲ್ಸ್‌ನ 'ಮಾರ್ಥಾ ಮೈ ಡಿಯರ್' ಹಾಡು 1968ರದ್ದು. ಕೇಳಿದರೆ ಪ್ರೇಮಗೀತೆ ಅನಿಸುತ್ತದೆ. ಆದರೆ ಅದನ್ನು ಬರೆದ ತಂಡದ ಪಾಲ್ ಮೆಕಾರ್ಟ್ನಿಗೆ ಆ ಹೆಸರು ಸಿಕ್ಕಿದ್ದು ತಾನು ಸಾಕಿದ್ದ ಜೂಲು ಕೂದಲಿನ ನಾಯಿಯಿಂದ!

ನನಗೆ ಜಾಸ್ತಿ ಇಷ್ಟ ಅಮೆರಿಕದ ಗಾಯಕ ಟಾಮ್ ವೇಟ್ಸ್‌ನ 'ಮಾರ್ಥಾ', 1973ರ 'ಕ್ಲೋಸಿಂಗ್ ಟೈಮ್' ಆಲ್ಬಮ್‌ನದ್ದು. ವಯಸ್ಸಾದ ಒಬ್ಬ ಮನುಷ್ಯ ಫೋನ್ ಆಪರೇಟರ್ ಮೂಲಕ ಹಳೆಯ ಪ್ರೇಯಸಿಗೆ ಕರೆ ಮಾಡುತ್ತಾನೆ. ನಡುವೆ ನಲವತ್ತು ವರ್ಷ ಕಳೆದಿವೆ. ಇಬ್ಬರಿಗೂ ಬೇರೆ ಬೇರೆ ಸಂಸಾರ. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತ ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಇಷ್ಟು ಮುದುಕನ ದನಿಯಲ್ಲಿ ಹಾಡಿದಾಗ ವೇಟ್ಸ್‌ಗೆ ಇನ್ನೂ ಇಪ್ಪತ್ತರ ಆಸುಪಾಸು.

'ಎಕೋ ಬೀಚ್' ಹಾಡಿನ ಸಾಲುಗಳಲ್ಲಿ ಈ ಹೆಸರನ್ನು ಹುಡುಕಬೇಡಿ, ತಂಡದ ಹೆಸರು ನೋಡಿ: ಕೆನಡಾದ 'ಮಾರ್ಥಾ ಅಂಡ್ ದ ಮಫಿನ್ಸ್'. 1980ರಲ್ಲಿ ಈ ಹಾಡು ಬಂದಾಗ ತಂಡದಲ್ಲಿ ಇಬ್ಬರು ಮಾರ್ಥಾ ಇದ್ದರು, ಹಾಡುವ ಮಾರ್ಥಾ ಜಾನ್ಸನ್ ಮತ್ತು ಕೀಬೋರ್ಡ್ ನುಡಿಸುವ ಮಾರ್ಥಾ ಲ್ಯಾಡ್ಲಿ.

ಕ್ವಿಜ್ ಮಾಸ್ತರರು ಅಮೆರಿಕದ ಗಾಯಕಿ ಮಾರ್ಥಾ ರೀವ್ಸ್ ಅವರನ್ನು ಬಿಟ್ಟಿದ್ದೇ ಆಶ್ಚರ್ಯ. 1964ರ 'ಡ್ಯಾನ್ಸಿಂಗ್ ಇನ್ ದ ಸ್ಟ್ರೀಟ್' ಅವರದ್ದೇ ದನಿ. ಬಹುಶಃ ತೀರಾ ಸುಲಭವಾಗುತ್ತದೆ ಅಂತ ಬಿಟ್ಟಿರಬೇಕು.