‘ಆದರೆ’ಗಳನ್ನು ಅಳಿಸಿ ಮತ್ತೆ ಕಳಿಸಿ

ಆತ್ಮೀಯರೇ,

ನಮಸ್ಕಾರ. ‘ಗುಲಾಬಿ ಕೂದಲಿನ ಕೊಲೆಗಾತಿ’ ಎಂಬ ನಿಮ್ಮ ಲೇಖನ ನಮಗೆ ತಲುಪಿ ಮೂರು ವಾರಗಳಾದವು. ಸಾಮಾನ್ಯವಾಗಿ ಇಲ್ಲಿಂದ ಹೋಗುವುದು ಎರಡು ಸಾಲಿನ ಉತ್ತರ: ಪ್ರಕಟಿಸುತ್ತೇವೆ, ಇಲ್ಲವೇ ಪ್ರಕಟಿಸಲಾಗುತ್ತಿಲ್ಲ. ನಿಮ್ಮ ಲೇಖನವನ್ನು ಈ ಎರಡರಲ್ಲಿ ಯಾವ ಕಟ್ಟಿಗೂ ಸೇರಿಸಲಾಗದೆ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಓದಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟು ಬರಿಸುವಷ್ಟು ಜೀವ ಅದರಲ್ಲಿದೆ ಎಂಬುದೂ ಗೊತ್ತಾಗುತ್ತಿತ್ತು.

ಮೆಚ್ಚಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಸುನೊ ಸಕಾಯೆ ಅವರು 2006ರಿಂದ 2010ರವರೆಗೆ ‘ಶೋನೆನ್ ಏಸ್’ ಪತ್ರಿಕೆಯಲ್ಲಿ ಬರೆದು 12 ಸಂಪುಟಗಳಲ್ಲಿ ಮುಗಿಸಿದ ‘ಮಿರಾಯ್ ನಿಕ್ಕಿ’ (ಭವಿಷ್ಯದ ದಿನಚರಿ) ಎಂಬ ಮಂಗಾವನ್ನೂ, ಅಂದರೆ ಜಪಾನಿ ಚಿತ್ರಕಥೆಯನ್ನೂ, ಆಸ್‌ರೀಡ್ ಸ್ಟುಡಿಯೊ 2011–12ರಲ್ಲಿ ಮಾಡಿದ ಅದರ 26 ಕಂತುಗಳ ಅನಿಮೆ ಎಂಬ ಆ್ಯನಿಮೇಷನ್ ಸರಣಿಯನ್ನೂ ನೀವು ಶ್ರದ್ಧೆಯಿಂದ ನೋಡಿದ್ದೀರಿ. ಸಾಯುತ್ತಿರುವ ಕಾಲದೇವತೆ ದೇಯುಸ್ ತನ್ನ ಉತ್ತರಾಧಿಕಾರಿಯನ್ನು ಆರಿಸುವುದಕ್ಕಾಗಿ 12 ಜನರನ್ನು ಆಟಕ್ಕೆ ಇಳಿಸುತ್ತಾನೆ, ಪ್ರತಿಯೊಬ್ಬರ ದಿನಚರಿಯೂ ಭವಿಷ್ಯವನ್ನು ಹೇಳುತ್ತದೆ, ದಿನಚರಿ ನಾಶವಾದರೆ ಅದರ ಒಡೆಯನೂ ಇಲ್ಲವಾಗುತ್ತಾನೆ, ಕೊನೆಗೆ ಉಳಿದ ಒಬ್ಬರು ದೇವರ ಪದವಿಗೆ ಏರುತ್ತಾರೆ ಎಂಬುದನ್ನೆಲ್ಲ ಆರು ಸಾಲಿನಲ್ಲಿ ಹೇಳಿದ್ದೀರಿ. ಕಾಗುಣಿತದ ತಪ್ಪುಗಳಿಲ್ಲ. ಅಕ್ಷರ ಚೆನ್ನಾಗಿದೆ ಎನ್ನುತ್ತಿದ್ದೆ, ಈಗ ಎಲ್ಲರೂ ಟೈಪು ಮಾಡಿಯೇ ಕಳಿಸುತ್ತಾರೆ.

ಇನ್ನು ನನ್ನನ್ನು ಕಾಡಿದ ವಿಷಯ. ಲೇಖನದಲ್ಲಿ ‘ಆದರೆ’ ಎಂಬ ಪದ 19 ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಅವುಗಳಲ್ಲಿ 14 ಒಂದೇ ಕೆಲಸ ಮಾಡುತ್ತವೆ: ಆ 12 ಆಟಗಾರರಲ್ಲಿ ಒಬ್ಬಳೂ ನಿಮ್ಮ ಲೇಖನದ ಕೊಲೆಗಾತಿಯೂ ಆದ ಗಸಾಯ್ ಯುನೊ ಮಾಡಿದ ಯಾವುದೋ ಕ್ರೂರ ಕೃತ್ಯವನ್ನು ಮೊದಲರ್ಧದಲ್ಲಿ ಹೇಳಿ, ಓದುಗನು ಬೆಚ್ಚಿಬೀಳುವ ಮೊದಲೇ ಉಳಿದರ್ಧದಲ್ಲಿ ಅವನನ್ನು ಸಮಾಧಾನಪಡಿಸುತ್ತವೆ. ಮೊದಲ ಪುಟದಲ್ಲೇ ಇದೆ: ‘ಯುನೊ ಹೊರಗೆ ನಿರ್ದಯಿ, ಆದರೆ ಒಳಗೆ ಪಾಪದ ಹುಡುಗಿ.’ ಹೀಗೆ ಬರೆದ ಕ್ಷಣದಲ್ಲಿ ಅವಳು ಎರಡು ಕೋಣೆಗಳ ಮನೆಯಾದಳು. ಮುಂದಿನ ಕೋಣೆಯಲ್ಲಿ ಕೊಡಲಿ, ಹಿಂದಿನ ಕೋಣೆಯಲ್ಲಿ ಕಣ್ಣೀರು, ನಡುವೆ ನಿಮ್ಮ ‘ಆದರೆ’ ಎಂಬ ಬಾಗಿಲು. ನಾನು ನೋಡಿದ ಯುನೊಗೆ ಇರುವುದು ಒಂದೇ ಕೋಣೆ.

ಇದು ನನ್ನ ಅಭಿಪ್ರಾಯ ಮಾತ್ರ ಎಂದು ನಿಮಗನಿಸಬಹುದು, ಆದ್ದರಿಂದ ನಿಮ್ಮದೇ ಸಾಲನ್ನು ತೆಗೆದುಕೊಳ್ಳೋಣ. ಮೂರನೆಯ ಪುಟ: ‘ಸರ್ವಶಕ್ತವಾದ ತನ್ನ ದಿನಚರಿಯ ಬಲದಿಂದ ಅವಳು ಎದುರಾದವರನ್ನೆಲ್ಲ ಮುಗಿಸುತ್ತಾಳೆ, ಆದರೆ ಅವಳ ಮನಸ್ಸು ಮಾತ್ರ ದುರ್ಬಲ.’ ನನ್ನ ಪೆನ್ಸಿಲಿನ ಮೊನೆ ಮುರಿದದ್ದು ಇಲ್ಲಿ. ಅವಳ ದಿನಚರಿ ಸರ್ವಶಕ್ತವೇ? ಅದು ಹತ್ತು ಹತ್ತು ನಿಮಿಷಕ್ಕೊಮ್ಮೆ ಅವಳು ಪ್ರೀತಿಸುವ, ಆಟದಲ್ಲಿ ತಾನೂ ಇರುವ ಯುಕಿತೆರು ಎಂಬ ಹುಡುಗ ಏನು ಮಾಡುತ್ತಾನೆ, ಎಲ್ಲಿರುತ್ತಾನೆ ಎಂಬುದನ್ನಷ್ಟೇ ಹೇಳುತ್ತದೆ. ಬೆನ್ನ ಹಿಂದೆ ಯಾರು ಬರುತ್ತಿದ್ದಾರೆ ಎಂದು ಅವಳಿಗೆ ಹೇಳುವುದಿಲ್ಲ. ದೇಯುಸ್ ಈ ಆಟಗಾರರಿಗೆ ಹೊಸ ಪುಸ್ತಕವನ್ನೇನೂ ಕೊಟ್ಟಿಲ್ಲ ಎಂಬುದನ್ನು ನೀವು ಗಮನಿಸಿದ್ದೀರಾ? ಅವರವರು ಮೊದಲಿನಿಂದ ಏನನ್ನು ಬರೆದುಕೊಳ್ಳುತ್ತಿದ್ದರೋ ಅದೇ ಬಗೆಯ ದಿನಚರಿ ಮುಂದಿನದನ್ನು ನುಡಿಯತೊಡಗುತ್ತದೆ. ಯುಕಿತೆರು ಸುತ್ತಲಿನ ಎಲ್ಲವನ್ನೂ ದೂರದಿಂದ ನೋಡಿ ಮೊಬೈಲಿನಲ್ಲಿ ಬರೆಯುತ್ತಿದ್ದ, ತನ್ನ ಬಗ್ಗೆ ಏನನ್ನೂ ಬರೆಯುತ್ತಿರಲಿಲ್ಲ. ಆದ್ದರಿಂದ ಅವನ ದಿನಚರಿಗೆ ಸುತ್ತಲಿನದೆಲ್ಲ ಗೊತ್ತು, ಅವನು ಮಾತ್ರ ಅದರಲ್ಲಿ ಇಲ್ಲ. ಯುನೊ ಅವನೊಬ್ಬನನ್ನೇ ಬರೆಯುತ್ತಿದ್ದಳು. ತನ್ನ ಊಟ, ತನ್ನ ನಿದ್ದೆ, ತನ್ನ ಮನೆ, ಅಲ್ಲಿ ತಾನು ಕೂಡಿಹಾಕಿಸಿಕೊಂಡ ಪಂಜರ, ಯಾವುದೂ ಅದರಲ್ಲಿಲ್ಲ. ಆಟ ಶುರುವಾದಾಗ ಅವಳ ಕೈಗೆ ಸಿಕ್ಕ ಆಯುಧ ಇದು. ಅವಳನ್ನು ಅಷ್ಟು ಭಯಂಕರಳನ್ನಾಗಿ ಮಾಡುವುದೂ, ಯುಕಿತೆರುವಿನಿಂದ ಹತ್ತು ಹೆಜ್ಜೆ ದೂರವಾದರೆ ಅವಳನ್ನು ಕುರುಡಿಯನ್ನಾಗಿ ಮಾಡುವುದೂ ಒಂದೇ ಫೋನು. ಇಲ್ಲಿ ‘ಆದರೆ’ಯನ್ನು ತೂರಿಸುವುದಕ್ಕೆ ಸಂದೇ ಇಲ್ಲ.

ಅದೇ ಪುಟದಲ್ಲಿ ಅವಳನ್ನು ‘ಯಾಂಡೆರೆ’ ಎಂದು ಕರೆದು, ಆ ಪದವೇ ಎಲ್ಲವನ್ನೂ ಹೇಳಿತು ಎಂಬಂತೆ ಮುಂದೆ ಸಾಗಿದ್ದೀರಿ. (ಜಪಾನಿಯರ ಉಚ್ಚಾರದಲ್ಲಿ ಅದು ಹಲ್ಲಿಗೆ ತಾಗುವ ದಕಾರ, ನಮ್ಮ ಲಿಪಿಯಲ್ಲಿ ‘ಯಾಂದೆರೆ’ ಎಂದೇ ಬರೆಯಲು ಬರುತ್ತದೆ, ಇಂಗ್ಲಿಷಿನ ದಾರಿ ಹಿಡಿಯಬೇಕಾಗಿಲ್ಲ.) ರೋಗ ಹಿಡಿದಿರುವುದು ಎಂಬರ್ಥದ ‘ಯಾಂದೆರು’ವಿಗೆ ಪ್ರೇಮದಲ್ಲಿ ಕರಗಿಹೋಗುವ ‘ದೆರೆದೆರೆ’ಯನ್ನು ಜೋಡಿಸಿ ಮಾಡಿದ ಪದ ಅದು. ಅಂಗಡಿಯ ಡಬ್ಬಿಯ ಮೇಲೆ ಅಂಟಿಸುವ ಚೀಟಿಯಾಗಿ ಅದಕ್ಕೆ ಉಪಯೋಗವಿದೆ. ಡಬ್ಬಿಯೊಳಗೆ ಏನಿದೆ ಎಂದು ಓದುಗನಿಗೆ ತೋರಿಸಲು ಕೂತವರು ನೀವು.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು, ಅದನ್ನು ನೀವು ಬೇಕೆಂದೇ ಮಾಡಿರಲಾರಿರಿ. ನಿಮ್ಮ ಕ್ರಿಯಾಪದಗಳನ್ನು ನೋಡಿ. ‘ಹೆತ್ತವರ ಸಾವು ಸಂಭವಿಸುತ್ತದೆ.’ ‘ಕೊಲೆ ನಡೆದುಹೋಗುತ್ತದೆ.’ ‘ಮನೆಯಲ್ಲಿ ಮೂರು ಶವಗಳು ಕಂಡುಬರುತ್ತವೆ.’ ‘ಎರಡನೆಯ ಜಗತ್ತಿನ ಯುನೊ ಇಲ್ಲವಾಗುತ್ತಾಳೆ.’ ನಿಮ್ಮ ಲೇಖನದಲ್ಲಿ ಎಷ್ಟೋ ಜನ ಸಾಯುತ್ತಾರೆ, ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಮಳೆ ಬಂದಂತೆ, ಹಣ್ಣೆಲೆ ಉದುರಿದಂತೆ ಸಾವುಗಳು ಸಂಭವಿಸುತ್ತಾ ಹೋಗುತ್ತವೆ. ನಮ್ಮ ಭಾಷೆಯಲ್ಲಿ ಈ ಸೌಕರ್ಯ ತುಂಬ ಸುಲಭವಾಗಿ ಸಿಗುತ್ತದೆ: ‘ಹೋಗು’ ಎಂಬುದನ್ನು ಬಾಲಕ್ಕೆ ಕಟ್ಟಿದರೆ ಮಾಡಿದವರು ಕಣ್ಮರೆಯಾಗುತ್ತಾರೆ, ‘ಬಿಡು’ವನ್ನು ಕಟ್ಟಿದರೆ ಕೈತಪ್ಪಿ ಆದದ್ದೇನೋ ಎಂಬ ಅನುಮಾನ ಉಳಿಯುತ್ತದೆ. ಐದನೆಯ ಪುಟದಲ್ಲಿ ‘ಕೊಂದುಬಿಟ್ಟಳು’ ಎಂದು ಬರೆದು, ಅದೂ ಗಟ್ಟಿಯಾಯಿತೆನಿಸಿತೋ ಏನೋ, ಹೊಡೆದುಹಾಕಿ ‘ಕೊಲ್ಲಬೇಕಾಗಿ ಬಂತು’ ಎಂದು ತಿದ್ದಿದ್ದೀರಿ. ಬದಲಾವಣೆಯ ಗುರುತು ಕಡತದಲ್ಲಿ ಹಾಗೆಯೇ ಉಳಿದಿದೆ. ಯಾರಿಂದ ಬಂತು? ಯಾವ ಬೇಕು?

ಮೊದಲನೆಯ ವಾಕ್ಯವನ್ನೇ ನಿಧಾನವಾಗಿ ಬಿಡಿಸೋಣ. ‘ಹೆತ್ತವರ’ ಎಂಬುದು ತಪ್ಪು. ಅವರು ಅವಳ ಸಾಕು ತಂದೆ ತಾಯಿ. ‘ಸಾವು’ ಎಂಬುದು ಸಾಲದು. ಅವರು ಪಂಜರದೊಳಗೆ ಸತ್ತರು. ‘ಸಂಭವಿಸುತ್ತದೆ’ ಎಂಬುದು ಸುಳ್ಳು. ತನ್ನನ್ನು ಕೂಡಿಹಾಕುತ್ತಿದ್ದ ಅದೇ ಪಂಜರದಲ್ಲಿ ಅವರನ್ನು ಕೂಡಿಹಾಕಿದವಳು ಯುನೊ. ‘ಸಾಕಿದವರು ತನ್ನನ್ನು ಹಾಕುತ್ತಿದ್ದ ಪಂಜರದಲ್ಲಿ ಅವಳು ಅವರನ್ನು ಕೂಡಿಹಾಕಿದಳು, ಅವರು ಅಲ್ಲಿಯೇ ಸತ್ತರು’ ಎಂದು ಬರೆದು ನೋಡಿ. ಇದರಲ್ಲಿ ನಿಮ್ಮ ‘ಪಾಪ’ ಎಲ್ಲೂ ಇಲ್ಲ. ಇದನ್ನು ಓದಿದ ಮೇಲೆ ‘ಬಾಲ್ಯದಲ್ಲಿ ಅವಳು ಅನುಭವಿಸಿದ ಚಿತ್ರಹಿಂಸೆಯನ್ನು ನಾವು ಮರೆಯಬಾರದು’ ಎಂಬ ನಿಮ್ಮ ಮುಂದಿನ ವಾಕ್ಯ ಬೇಕೆನಿಸುತ್ತದೆಯೇ? ಪಂಜರ ಎಂಬ ಒಂದು ನಾಮಪದದಲ್ಲಿ ಅವಳಿಗಾದದ್ದೂ ಅವಳು ಮಾಡಿದ್ದೂ ಒಟ್ಟಿಗೆ ಕೂತಿವೆ.

ಇನ್ನು ಮೂರನೆಯ ಶವ. ಇಡೀ ಕಥೆಯ ಗಂಟು ಅದು. ಮೊದಲ ಜಗತ್ತಿನ ಆಟವನ್ನು ಗೆದ್ದು ದೇವರಾದ ಯುನೊ, ಸತ್ತ ಯುಕಿತೆರುವನ್ನು ಬದುಕಿಸಲು ದೇವರಿಗೂ ಆಗದು ಎಂದು ತಿಳಿದ ಮೇಲೆ, ಕಾಲದಲ್ಲಿ ಹಿಂದಕ್ಕೆ ನಡೆದು, ಹಾಗೆ ನಡೆದದ್ದರಿಂದ ಹುಟ್ಟಿದ ಎರಡನೆಯ ಜಗತ್ತಿನಲ್ಲಿದ್ದ ತನ್ನಂಥದೇ ಹುಡುಗಿಯನ್ನು ಕೊಂದು, ಅವಳ ಸಮವಸ್ತ್ರದಲ್ಲಿ, ಅವಳ ಹೆಸರಿನಲ್ಲಿ, ಅವಳ ಶಾಲೆಗೆ ಹೋಗಿ ಕೂರುತ್ತಾಳೆ. ಆ ಶವ ಅವಳದೇ. ಇದನ್ನು ನೀವು ‘ಇಲ್ಲವಾಗುತ್ತಾಳೆ’ ಎಂಬ ಒಂದು ಪದದಲ್ಲಿ ದಾಟಿಸಿದ್ದೀರಿ! ಅವಳನ್ನು ಕಾಪಾಡುವ ಆತುರದಲ್ಲಿ ಅವಳು ಮಾಡಿದ ಅತ್ಯಂತ ದೊಡ್ಡ ಕೃತ್ಯವನ್ನೇ ಅವಳಿಂದ ಕಿತ್ತುಕೊಂಡಿದ್ದೀರಿ.

ಇಷ್ಟು ಕಟುವಾಗಿ ಬರೆಯುವ ಹಕ್ಕು ನನಗೆಲ್ಲಿಂದ ಬಂತೆಂದು ಕೇಳಬಹುದು. ನನಗೆ ಆಗ ಇಪ್ಪತ್ತಮೂರು ವರ್ಷ. ಕರಾವಳಿಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಅಚ್ಚಿನ ಮೊಳೆ ಜೋಡಿಸುವವರ ಪಕ್ಕದಲ್ಲಿ ಮೊಣಕಾಲೂರಿ ಕೂತು, ಶಾಯಿ ಆರದ ಗ್ಯಾಲಿ ಕರಡುಗಳನ್ನು ಓದಬೇಕಿತ್ತು. ಒಂದು ರಾತ್ರಿ ಕೊಯ್ಲಾದ ಗದ್ದೆಯಲ್ಲಿ ‘ಭೀಷ್ಮ ವಿಜಯ’ ಯಕ್ಷಗಾನ ಪ್ರಸಂಗ ನೋಡಿ ಬಂದವನು ಬೆಳಗಾಗುವುದರೊಳಗೆ ಅಂಬೆಯ ಪಾತ್ರದ ಬಗ್ಗೆ ನಾಲ್ಕು ಕಾಲಂ ಬರೆದೆ. ಸಾಲ್ವನೂ ಒಲ್ಲದ, ಭೀಷ್ಮನೂ ಒಲ್ಲದ ಆ ಹೆಣ್ಣು ತನ್ನ ಪ್ರಾಣವನ್ನೇ ಆಯುಧ ಮಾಡಿಕೊಂಡು ಮುಂದಿನ ಜನ್ಮದವರೆಗೆ ಹಗೆಯನ್ನು ಹೊತ್ತು ಹೋಗುವುದನ್ನು ಕಂಡು ನನಗೆ ಕಣ್ಣು ತುಂಬಿತ್ತು. ‘ಪಾಪ ಅಂಬೆ! ಅವಳು ಮಾಡಿದ ತಪ್ಪಾದರೂ ಏನು?’ ಎಂದು ಲೇಖನವನ್ನು ಮುಗಿಸಿದ್ದೆ. ಅದಕ್ಕಿಂತ ಒಳ್ಳೆಯ ವಾಕ್ಯವನ್ನು ಕನ್ನಡದಲ್ಲಿ ಯಾರೂ ಬರೆದಿಲ್ಲ ಎಂಬ ಖಾತ್ರಿ ಆಗ ನನಗಿತ್ತು.

ವಾರದ ಸಂಚಿಕೆ ಬಂದಾಗ ಆ ವಾಕ್ಯ ಇರಲಿಲ್ಲ. ನಮ್ಮ ಹಿರಿಯ ಉಪಸಂಪಾದಕರು ಕೆಂಪು ಪೆನ್ಸಿಲಿನಲ್ಲಿ ಅದನ್ನು ಹೊಡೆದುಹಾಕಿದ್ದರು. ಲೇಖನ ಈಗ ಅವಳು ಬೆಂಕಿಯೊಳಗೆ ಕಾಲಿಡುವಲ್ಲಿಗೆ ನಿಂತಿತ್ತು. ಎರಡು ದಿನ ಅವರೊಡನೆ ಮಾತಾಡಲಿಲ್ಲ. ಮೂರನೆಯ ದಿನ ಮತ್ತೆ ಓದಿದಾಗ, ನನ್ನ ಅಯ್ಯೋ ಪಾಪ ಇಲ್ಲದ ಅಂಬೆ ಒಂದು ಮೊಳ ಎತ್ತರ ಬೆಳೆದಂತೆ ಕಂಡಳು. ಇದನ್ನು ದೊಡ್ಡ ಪಾಠವೆಂದು ಹತ್ತಾರು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅವರು ನಿವೃತ್ತರಾದ ದಿನ ಕೃತಜ್ಞತೆಯಿಂದ ಈ ಪ್ರಸಂಗವನ್ನು ನೆನಪಿಸಿದರೆ, ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಕಾಲಂನಲ್ಲಿ ಒಂದು ಸಾಲು ಹೆಚ್ಚಾಗಿತ್ತು ಮಾರಾಯ, ಜಾಹೀರಾತು ತೆಗೆಯುವ ಹಾಗಿರಲಿಲ್ಲ’ ಎಂದರು. ನನ್ನ ಗುರೂಪದೇಶದ ನಿಜಸಂಗತಿ ಇಷ್ಟು. ಆದರೂ ಆ ಸಾಲನ್ನು ನಾನು ಮತ್ತೆ ಸೇರಿಸಲಿಲ್ಲ.

ನಿಮ್ಮ ಲೇಖನಕ್ಕೆ ಮರಳುತ್ತೇನೆ. ಕೊನೆಯ ಭಾಗದಲ್ಲಿ ‘ಪ್ರೀತಿಗಾಗಿ ಅವಳು ಏನನ್ನೂ ಮಾಡಬಲ್ಲಳು, ಆದರೆ ಆ ಪ್ರೀತಿ ನಿಷ್ಕಲ್ಮಷ’ ಎಂದಿದ್ದೀರಿ. ನಿಷ್ಕಲ್ಮಷವೋ ಅಲ್ಲವೋ ಎಂದು ತೀರ್ಪು ಕೊಡುವ ಬದಲು, ನೀವು ಪೂರ್ತಿ ಬಿಟ್ಟಿರುವ ಒಂದು ಪ್ರಸಂಗವನ್ನು ನೋಡಿ. ಕಥೆಯ ನಡುವೆ ಯುನೊ ಯುಕಿತೆರುವನ್ನು ಅಪಹರಿಸಿ, ಜನವಿಲ್ಲದ ಕಟ್ಟಡವೊಂದರಲ್ಲಿ ಕುರ್ಚಿಗೆ ಕಟ್ಟಿಹಾಕುತ್ತಾಳೆ. ಅವನ ಮೇಲಿನ ಸಿಟ್ಟಿನಿಂದ ಮಾಡುವುದಲ್ಲ ಇದು. ಹೊರಗೆ ಎಲ್ಲರೂ ಅವನನ್ನು ಕೊಲ್ಲಲು ಕಾದಿದ್ದಾರೆ, ಇಲ್ಲಿದ್ದರೆ ಅವನು ಸುರಕ್ಷಿತ, ತನ್ನವನು ಎಂಬ ನಂಬಿಕೆಯಿಂದ ಮಾಡುತ್ತಾಳೆ. ಕೂಡಿಹಾಕುವುದನ್ನು ಅವಳು ಕಲಿತ ಮನೆ ಯಾವುದು ಎಂದು ನಿಮಗೆ ಗೊತ್ತು. ಮೊದಲು ಅವಳನ್ನು ಹಾಕಿದ ಪಂಜರ, ಆಮೇಲೆ ಅವಳು ಸಾಕಿದವರನ್ನು ಹಾಕಿದ ಪಂಜರ, ಈಗ ಪ್ರೀತಿಸಿದವನನ್ನು ಕಟ್ಟಿದ ಕುರ್ಚಿ: ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೂ ವಿಶೇಷಣವಿಲ್ಲದೆ ಬರೆದರೆ, ನಿಮ್ಮ ಲೇಖನದ ಹತ್ತು ಪುಟ ಹೇಳಲು ಹೆಣಗಿದ್ದು ಒಂದು ಪ್ಯಾರಾದಲ್ಲಿ ಬಂದೀತು. ಅಂತ್ಯದಲ್ಲಿ, ಯುಕಿತೆರುವನ್ನು ಕೊಂದು ಗೆಲ್ಲಬಹುದಾಗಿದ್ದವಳು ಚೂರಿಯನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುವುದು ಏಕೆ ಅಷ್ಟು ಭಾರವಾಗಿ ತಾಗುತ್ತದೆ ಎಂಬುದಕ್ಕೂ ಆಗ ನೀವು ವಿವರಣೆ ಕೊಡಬೇಕಾಗಿಲ್ಲ. ಅಷ್ಟು ವರ್ಷ ಎಲ್ಲರನ್ನೂ ಕೂಡಿಹಾಕಿದವಳು ಆ ಒಂದು ಸಲ ಒಬ್ಬನನ್ನು ಹೊರಗೆ ಬಿಡುತ್ತಾಳೆ.

ಇಬ್ಬರೂ ತರಗತಿಯಲ್ಲಿ ಉಳಿದ ಆ ದಿನದ ಬಗ್ಗೆ, ಮುಂದೆ ಏನಾಗಬೇಕೆಂದು ಬರೆಯಲು ಕೊಟ್ಟ ಹಾಳೆಯ ಬಗ್ಗೆ, ನಿನ್ನನ್ನು ಮದುವೆಯಾಗುತ್ತೇನೆ ಎಂದು ಅವಳು ಹೇಳಿದ್ದಕ್ಕೆ ಅವನು ದೊಡ್ಡವರಾದ ಮೇಲೆ ನೋಡೋಣ ಎಂಬಂತೆ ಹಗುರವಾಗಿ ಒಪ್ಪಿದ್ದರ ಬಗ್ಗೆ ನೀವು ಬರೆದ ಏಳನೆಯ ಪುಟವನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ನೀವು ಯುನೊಳನ್ನು ಯಾರಿಂದಲೂ ಕಾಪಾಡಲು ಹೋಗಿಲ್ಲ, ಆ ಹುಡುಗಿ ಹುಡುಗನ ಮಾತನ್ನು ನಂಬಿದಳು ಎಂದಷ್ಟೇ ಬರೆದಿದ್ದೀರಿ. ಅದೊಂದು ಪುಟಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ತಿಂಗಳ ಕೊನೆಯೊಳಗೆ ಕುರ್ಚಿಯ ಆ ಒಂದು ಪ್ಯಾರಾವನ್ನು ಬರೆದು ಕಳಿಸಿ. ಪೂರ್ತಿ ಲೇಖನ ಈಗಲೇ ಬೇಡ. ಅದರಲ್ಲಿ ‘ಆದರೆ’ ಕಂಡರೆ ಹಿಂದಕ್ಕೆ ಕಳಿಸುತ್ತೇನೆ.

ಇಂತು,
ಸಂಪಾದಕ